ಬಚ್ಚಲ ಬಾಳೆಯ ನಾರು

ನರ್ಸರಿಯ ಹಿಂದಿನ ಕೋಣೆಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ಹೇಗಿದ್ದೀರಿ? ಕಾಲಿನ ಊತ ಇಳಿಯಿತೇ? ಎಡ ಮಗ್ಗುಲಲ್ಲೇ ಮಲಗಬೇಕೆಂದು ಡಾಕ್ಟರಮ್ಮ ಹೇಳಿದ್ದನ್ನು ಪಾಲಿಸುತ್ತಿದ್ದೀರಾ, ಇಲ್ಲಾ ಇಲ್ಲಿ ಮಾಡುತ್ತಿದ್ದ ಹಾಗೆ ಯಾರೂ ನೋಡದಾಗ ಎದ್ದು ಓಡಾಡುತ್ತಿದ್ದೀರಾ? ಒಳಗಿರುವ ಪುಟಾಣಿ ಚೆನ್ನಾಗಿ ಒದೆಯುತ್ತಿದೆ ಎಂದು ಅಣ್ಣ ಹೇಳಿದ. ಒದೆಯಲಿ ಬಿಡಿ, ನಮ್ಮ ಮನೆಯ ಕೂಸು ಸುಮ್ಮನಿದ್ದರೇ ಯೋಚನೆ ಮಾಡಬೇಕಾದ್ದು. ನೀವು ಊಟ ಬಿಡಬೇಡಿ. ನಿಮ್ಮ ಅಮ್ಮ ಕೊಟ್ಟದ್ದನ್ನೆಲ್ಲ ಮುಖ ಸಿಂಡರಿಸದೆ ತಿನ್ನಿ. ಇಲ್ಲಿ ಅಮ್ಮ, ಅಣ್ಣ, ನಾನು ಮೂವರೂ ಚೆನ್ನಾಗಿದ್ದೇವೆ. ಜ್ವರ, ನೆಗಡಿ ಯಾವುದೂ ಇಲ್ಲ ಎಂಬ ಅರ್ಥದಲ್ಲಿ ಚೆನ್ನಾಗಿದ್ದೇವೆ.

ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಅಮ್ಮನ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಅವರು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಕೂತುಬಿಡುತ್ತಾರೆ. ನಾನು ಅತ್ತಿಗೆ ಎಂದು ಬಾಯಿ ತೆರೆಯುವಷ್ಟರಲ್ಲಿ ‘ಒಳ್ಳೇ ವಿಷಯ ಇದ್ರೆ ಮಾತ್ರ ಹೇಳಮ್ಮ’ ಎಂಬ ಸ್ವರ ಬರುತ್ತದೆ. ಆಮೇಲೆ ನಾನು ಬಿಸಿಲು ಜಾಸ್ತಿ, ಬೆಕ್ಕು ಮರಿ ಹಾಕಿದೆ, ಪಕ್ಕದ ಮನೆಗೆ ಸುಣ್ಣ ಬಳಿದರು ಎಂದು ಏನೇನೋ ಒದರಿ ಫೋನ್ ಇಟ್ಟುಬಿಡುತ್ತೇನೆ. ಕಳೆದ ವಾರವೆಲ್ಲ ನಾನು ಹೇಳಿದ್ದು ಇಂಥ ಮಾತುಗಳೇ. ನನ್ನ ದನಿ ಯಾಕೆ ಹಾಗಿದೆ ಎಂದು ನೀವು ಕೇಳಿದಿರಿ, ನಾನು ಗಂಟಲು ಕಟ್ಟಿದೆ ಎಂದೆ. ಗಂಟಲಿಗೆ ಏನೂ ಆಗಿಲ್ಲ.

ಅಣ್ಣ ನಿಮಗೆ ಇದನ್ನು ಹೇಳಲೇಬಾರದು ಎಂದು ತಾಕೀತು ಮಾಡಿದ್ದಾನೆ. ಕೂಸು ಹುಟ್ಟಿ, ತಾಯಿ ಮಗು ಇಬ್ಬರೂ ಸುಖವಾಗಿ ಮನೆಗೆ ಬಂದ ಮೇಲೆ ಅವನೇ ಹೇಳುತ್ತಾನಂತೆ. ಆದರೆ ನೀವು ಹೊರಡುವ ದಿನ ನನ್ನ ಕೈಗೆ ಬಾಳೆಯ ತಾಯಿಗಿಡಗಳನ್ನು ಹುಳುವಿನಿಂದ ಕಾಯುವ ಬಲೆಮನೆಯ ಕೀಲಿ ಕೊಡುತ್ತ ‘ಮನುಷ್ಯರ ವಿಷಯ ಬೇಕಾದ್ರೆ ಮುಚ್ಚಿಡು, ಗಿಡದ ವಿಷಯ ನನ್ನಿಂದ ಮುಚ್ಚಿಡಬೇಡ’ ಎಂದಿರಿ. ಕೀಲಿ ನನ್ನ ಸೊಂಟದಲ್ಲಿರುವಾಗ ನಾನು ಅಣ್ಣನ ಮಾತು ಕೇಳಬೇಕೋ ನಿಮ್ಮ ಮಾತು ಕೇಳಬೇಕೋ? ಅದಕ್ಕಿಂತ ಹೆಚ್ಚಾಗಿ, ನನಗೆ ಭಯವಾಗಿದೆ ಅತ್ತಿಗೆ. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು, ಪಂಪ್‌ಸೆಟ್ ಚಾಲೂ ಮಾಡಲು ಕಣ್ಣು ಮುಚ್ಚಿಕೊಳ್ಳುವವಳು ನಾನು. ನೀವು ನನಗೆ ಪುಕ್ಕಲಿ ಎಂದು ಹೆಸರಿಟ್ಟದ್ದು ಸುಳ್ಳಲ್ಲ. ಆದರೆ ಈ ಭಯ ಆ ಜಾತಿಯದಲ್ಲ. ಬೆಳಿಗ್ಗೆ ಎದ್ದಾಗ ಕಣ್ಣು ಬಿಡುವ ಮೊದಲೇ ಇದು ಎದೆಯ ಮೇಲೆ ಕೂತಿರುತ್ತದೆ. ದಯವಿಟ್ಟು ಒಂದು ಲೋಟ ನೀರು ಕುಡಿದು, ಎಡಕ್ಕೆ ತಿರುಗಿ ಮಲಗಿ ಮುಂದಿನದನ್ನು ಓದಿ.

ಮೊದಲಿಂದ ಹೇಳುತ್ತೇನೆ. ನಮ್ಮಿಂದ ಗಿಡ ಒಯ್ದವರಲ್ಲಿ ಟೈಲರಮ್ಮ ನಿಮಗೆ ನೆನಪಿದ್ದಾರಲ್ಲ, ಬಟ್ಟೆ ಹೊಲಿಯುತ್ತ ಮನೆಯ ಪಕ್ಕದ ತುಂಡು ಜಾಗದಲ್ಲಿ ಬಾಳೆ ಹಾಕಿಕೊಂಡವರು. ಅವರು ಹೋದ ವಾರ ಬೆಳಿಗ್ಗೆ ಬಟ್ಟೆ ಕತ್ತರಿಸುವ ಕಾಗದದಲ್ಲಿ ಒಂದು ಎಲೆ ಸುತ್ತಿಕೊಂಡು ಬಂದರು. ಜಗಳಕ್ಕೆ ಬಂದವರಲ್ಲ, ಪಾಪ. ಎಲೆಯ ತೊಟ್ಟನ್ನು ಬಿಸಿಲಿಗೆ ಹಿಡಿದು ‘ನೋಡಮ್ಮ, ಯಾರೋ ಕಚ್ಚಾ ಹೊಲಿಗೆ ಹಾಕಿದ ಹಾಗಿದೆ’ ಎಂದರು. ನಾನು ನೋಡಿದೆ. ದಟ್ಟ ಹಸಿರಿನ ಸಣ್ಣ ಸಣ್ಣ ಗೀಟು, ನಡುವೆ ಚುಕ್ಕಿ, ಮತ್ತೆ ಗೀಟು, ತೊಟ್ಟಿನುದ್ದಕ್ಕೂ ಹಾಗೆಯೇ. ನೀವು ಚಿತ್ರ ತೋರಿಸಿ ಎಷ್ಟು ಸಲ ಹೇಳಿಸಿದ್ದಿರಿ: ತೊಟ್ಟಿನಲ್ಲಿ ಕಡುಹಸಿರು ಗೀಟು, ಹೊಸ ಎಲೆ ಸಣ್ಣದು, ಅಂಚು ಹಳದಿ, ಎಲೆಗಳೆಲ್ಲ ಬಾಗದೆ ಒತ್ತೊತ್ತಾಗಿ ಮೇಲಕ್ಕೆ ನೆಟ್ಟಗೆ ನಿಂತರೆ ಅದು ತುದಿಗೊಂಚಲು ರೋಗ, ಅದಕ್ಕೆ ಮದ್ದಿಲ್ಲ, ಗೊನೆ ಬರುವುದಿಲ್ಲ, ಇಡೀ ಗಿಡ ತೆಗೆಯಬೇಕು. ನಿಮಗೆ ಪಾಠ ಒಪ್ಪಿಸುವಾಗ ನಾನು ಇದನ್ನು ಹಾಡಿನ ಹಾಗೆ ಹೇಳುತ್ತಿದ್ದೆ. ಟೈಲರಮ್ಮನ ಮುಂದೆ ಆ ಹಾಡು ಬಿಟ್ಟು ಎಲೆಯನ್ನು ಮತ್ತೆ ಕಾಗದದಲ್ಲಿ ಸುತ್ತಿದೆ. ಅವರು ‘ಗೊಬ್ಬರ ಕಮ್ಮಿ ಆಯ್ತೇನೋ’ ಎಂದು ತಾವೇ ತಮ್ಮ ಮೇಲೆ ತಪ್ಪು ಹೊತ್ತುಕೊಂಡರು. ಅದನ್ನು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಮೊದಲು ಓಡಿದ್ದು ಬಲೆಮನೆಗೆ. ನಮ್ಮ ಒಂಬತ್ತು ತಾಯಿಗಿಡಗಳಿಗೇ ರೋಗ ಬಂದಿದ್ದರೆ ಎಂಬುದೊಂದೇ ಯೋಚನೆ. ಅವುಗಳ ಬುಡದಲ್ಲಿ ಏಳುವ ಕಂದುಗಳಿಂದ ತಾನೇ ನಾವು ಎಲ್ಲರಿಗೂ ಗಿಡ ಕೊಡುವುದು. ಗಡ್ಡೆ ಹೆರೆದು, ಬಿಸಿನೀರಿನಲ್ಲಿ ಅದ್ದಿ, ಹಬೆಯಲ್ಲಿ ಬೇಯಿಸಿದ ಮರದ ಹೊಟ್ಟಿನಲ್ಲಿ ಹೂತು, ಒಂದೊಂದು ಗಡ್ಡೆಯಿಂದ ಹತ್ತಾರು ಮೊಳಕೆ ಎಬ್ಬಿಸಿ ಬೀಗುತ್ತಿದ್ದೆವು. ತಾಯಿಯೇ ಕೆಟ್ಟಿದ್ದರೆ ನಾವು ಇಷ್ಟು ವರ್ಷ ರೋಗವನ್ನೇ ಬೇಯಿಸಿ ಬಡಿಸಿದ ಹಾಗೆ. ಅವಸರದಲ್ಲೂ ನಿಮ್ಮ ನಿಯಮ ತಪ್ಪಿಸಲಿಲ್ಲ. ಎರಡು ಬಾಗಿಲಿನ ನಡುವಿನ ಗೂಡಿನಲ್ಲಿ ನಿಂತು ಚಪ್ಪಲಿ ಬದಲಿಸಿದೆ, ಕೈ ತೊಳೆದೆ, ಬಿಳಿ ಕೋಟು ಹಾಕಿಕೊಂಡೆ. ಒಂದು ಗುಂಡಿಯನ್ನು ತಪ್ಪಾಗಿ ಹಾಕಿ, ಬಿಚ್ಚಿ ಮತ್ತೆ ಹಾಕಿದೆ. ಒಂದೊಂದು ತೊಟ್ಟನ್ನೂ ಬೆಳಕಿಗೆ ಹಿಡಿದು ನೋಡಿದೆ, ಸುರುಳಿ ಬಿಚ್ಚದ ಎಳೆ ಎಲೆಯ ಬುಡ ನೋಡಿದೆ, ಬೇರಿನ ಬಳಿ ಮಣ್ಣು ಸರಿಸಿ ನೋಡಿದೆ. ಗೀಟಿಲ್ಲ, ಹುಳುವಿಲ್ಲ. ಅಲ್ಲೇ ಕುಕ್ಕರಿಸಿ ಸ್ವಲ್ಪ ಹೊತ್ತು ಅತ್ತೆ. ಯಾವ ಗಿಡದ ಮುಂದೆ ಎಂದು ಕೇಳಬೇಡಿ.

ತಾಯಿಗಿಡ ಚೆನ್ನಾಗಿದ್ದರೆ ರೋಗ ಬಂದದ್ದು ಎಲ್ಲಿಂದ? ಟೈಲರಮ್ಮನ ಹಿತ್ತಿಲಿಗೆ ಹೋದೆ. ಅವರದು ಅಚ್ಚುಕಟ್ಟು, ಒಂದು ಕಸ ಕಾಣುವುದಿಲ್ಲ. ಪ್ರತಿ ಗಿಡದ ಬುಡಕ್ಕೂ ತೇವ ಉಳಿಯಲೆಂದು ಏನೋ ಒಣಗಿದ ಪಟ್ಟಿ ಸುತ್ತಿದ್ದರು. ಏನಿದು ಎಂದೆ. ‘ನೀವೇ ಕಟ್ಟಿ ಕೊಟ್ಟಿದ್ದಲ್ವಾ, ಬಿಸಾಡೋಕೆ ಮನಸ್ಸು ಬರಲಿಲ್ಲ’ ಎಂದರು. ನಾನು ಬಗ್ಗಿ ಮುಟ್ಟಿದೆ. ಬಾಳೆಪಟ್ಟೆ. ಅದರ ಮೇಲಿಂದ ಗಿಡಕ್ಕೆ ಇರುವೆ ಸಾಲು ಹತ್ತುತ್ತಿತ್ತು. ಎಲೆಯ ಕಂಕುಳಲ್ಲಿ ಬಗೆದು ನೋಡಿದರೆ ಈ ರೋಗ ಹೊತ್ತು ತಿರುಗುವ ಕಂದು ಬಣ್ಣದ ಗಿಡಹೇನುಗಳು ಒಂದರ ಮೇಲೊಂದು ಕೂತಿದ್ದವು. ಇರುವೆಗಳು ಅವು ಸುರಿಸುವ ಸಿಹಿಗೆ ಬಂದಿದ್ದವು. ‘ಬಾಳೆಗೆ ಇರುವೆ ಹತ್ತಿದ್ರೆ ಹೇನನ್ನು ಹುಡುಕು, ಹೇನು ಸಿಕ್ಕಿದ್ರೆ ರೋಗ ಎಲ್ಲಿದೆ ಅಂತ ಹುಡುಕು’ ಎಂದು ನೀವು ಹೇಳಿದ್ದು ಕಿವಿಯಲ್ಲಿ ಕೇಳಿಸಿತು. ಈಗ ನನಗೆ ಅಡುಗೆಮನೆಯ ಕಟ್ಟೆಯ ಮೇಲೆ ಇರುವೆ ಕಂಡರೂ ಅದರ ಸಾಲು ಹಿಡಿದು ಹೋಗುತ್ತೇನೆ.

ಆ ಪಟ್ಟೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನೀವು ಹೋದ ಮೇಲೆ, ಗಿಡ ಕಟ್ಟಲು ಕುದಿಸಿ ಒಣಗಿಸಿಟ್ಟ ಬಟ್ಟೆ ಚೂರುಗಳು ಮುಗಿದವು. ಗಿಡ ಒಯ್ಯುವವರು ಬಾಗಿಲಲ್ಲಿ ನಿಂತಿದ್ದರು. ಪ್ಲಾಸ್ಟಿಕ್ ದಾರದಿಂದ ಹತ್ತು ಹತ್ತು ಗಿಡ ಕಟ್ಟಿದೆವು. ದಾರ ಬಿಗಿದಲ್ಲೆಲ್ಲ ಎಳೆ ಕತ್ತು ಕುಯ್ದು ನೀರು ಬಂತು. ಎರಡು ಗಿಡ ನನ್ನ ಕೈಯಲ್ಲೇ ಮುರಿದವು. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ತಡೆಯಲಾರದೆ ಎದ್ದರು. ‘ಬಾಳೆಗೆ ಬಾಳೆನಾರಿಗಿಂತ ಮೆತ್ತಗಿನದು ಯಾವುದಿದೆ, ನಾವೆಲ್ಲ ಹೂವು ಕಟ್ಟಿದ್ದು, ಸೊಪ್ಪು ಕಟ್ಟಿದ್ದು ಅದರಲ್ಲೇ ಅಲ್ವಾ’ ಎಂದು ಹಿತ್ತಿಲಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಬಚ್ಚಲ ಬಾಳೆಯಿಂದ ಹಸಿ ಪಟ್ಟೆ ಸುಲಿದು ತಂದರು. ನಾನು ಬೇಡವೆನ್ನಲಿಲ್ಲ. ನೀರಿನಲ್ಲಿ ಅದ್ದಿ, ಅಗಲ ಪಟ್ಟೆಯನ್ನು ಬೇರಿಗೆ ಹೊದಿಸಿ, ಸಪೂರ ಸೀಳಿನಿಂದ ಕಟ್ಟಿದೆವು. ಗಿಡಗಳು ಎಷ್ಟು ತಂಪಾಗಿ, ಭದ್ರವಾಗಿ ಕೂತವು ಎಂದರೆ ನಮ್ಮಿಬ್ಬರಿಗೂ ಹೆಮ್ಮೆಯಾಯಿತು. ಅವತ್ತು ಹನ್ನೊಂದು ಕಟ್ಟು ಹೋದವು.

ಬಚ್ಚಲ ಬಾಳೆಯ ಹತ್ತಿರ ನರ್ಸರಿಯವರು ಸುಳಿಯಬಾರದು ಎಂಬುದು ನಿಮಗೂ ಅಮ್ಮನಿಗೂ ಆದ ಒಪ್ಪಂದ. ಪರೀಕ್ಷೆ ಮಾಡಿಸದ ಬಾಳೆ ನರ್ಸರಿಯ ಹತ್ತಿರ ಬೇಡ, ಕಡಿಯಬೇಕು ಎಂದು ನೀವೆಂದಿರಿ, ಅಮ್ಮ ಅದು ತಮ್ಮ ಕೈಯಾರೆ ನೆಟ್ಟದ್ದು ಎಂದರು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಕೊನೆಗೆ ಬಾಳೆ ಉಳಿಯಿತು, ಗೆರೆ ಬಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ನಿಮ್ಮಿಬ್ಬರ ನಡುವೆ ನಿಂತು ನಕ್ಕಿದ್ದೆ. ಈ ಗೆರೆಯನ್ನು ನಾನು ಮರೆತಿರಲಿಲ್ಲ ಅತ್ತಿಗೆ. ಗಿಡ ಒಳಗೆ ತರಬಾರದು, ಕಂದು ತರಬಾರದು, ಆ ಮಣ್ಣು ಮೆಟ್ಟಿ ಬರಬಾರದು ಎಂದೆಲ್ಲ ಗೊತ್ತಿತ್ತು. ನಾರು ಕೂಡ ಬಾಳೆಯೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಟ್ಟುವುದು ದಾರ, ದಾರಕ್ಕೆ ಎಂಥ ರೋಗ ಎಂದು ತಿಳಿದೆವು. ಹೇನು ಮನೆ ಮಾಡಿಕೊಳ್ಳುವುದೇ ಆ ಪಟ್ಟೆಯ ಸಂದಿಯಲ್ಲಿ ಎಂಬ ಪಾಠವನ್ನೂ ನಾನೇ ನಿಮಗೆ ಒಪ್ಪಿಸಿದ್ದೆ.

ಟೈಲರಮ್ಮನ ಮನೆಯಿಂದ ಬಂದವಳೇ ಬಚ್ಚಲ ಹಿಂದೆ ಹೋದೆ. ಆ ಬಾಳೆಯನ್ನು ಸರಿಯಾಗಿ ನೋಡಿ ಎಷ್ಟು ದಿನವಾಗಿತ್ತೋ. ಹಳೆಯ ಎರಡು ಗಿಡ ಹೇಗೋ ಇದ್ದವು. ಅವುಗಳ ಕಾಲ ಬಳಿಯ ಮರಿಗಳೆಲ್ಲ ಮೊಣಕಾಲುದ್ದಕ್ಕೇ ನಿಂತು, ಎಲೆಗಳನ್ನು ಮೇಲಕ್ಕೆ ಹಿಂಡಿಕೊಂಡು, ಅಂಚಿನಲ್ಲಿ ಹಳದಿಯಾಗಿದ್ದವು. ಈ ಬಾರಿ ಗೊನೆಯೇ ಬಿಟ್ಟಿರಲಿಲ್ಲ. ಅದಕ್ಕೆ ಅಮ್ಮ ‘ಸೊಸೆ ಮನೇಲಿಲ್ಲ ಅಂತ ಮುನಿಸಿಕೊಂಡಿದೆ’ ಎಂದು ತಮಾಷೆ ಮಾಡುತ್ತಿದ್ದರು. ನಾನು ಅಮ್ಮನನ್ನು ಕರೆದು ತೋರಿಸಿದೆ. ಬೈಯಲಿಲ್ಲ. ಅಮ್ಮ ಒಂದು ಮರಿಯ ಎಲೆ ಮುಟ್ಟಿ ‘ನಾನೇ ಸುಲಿದು ಕೊಟ್ಟೆನಲ್ಲೇ’ ಎಂದರು. ಆಮೇಲೆ ಒಳಗೆ ಹೋಗಿ ಮಲಗಿಬಿಟ್ಟರು, ಊಟಕ್ಕೂ ಏಳಲಿಲ್ಲ.

ಮರುದಿನ ಆದದ್ದು ಇನ್ನೂ ಕೆಟ್ಟದ್ದು. ಬೆಳಿಗ್ಗೆ ಹಲ್ಲುಜ್ಜುವಾಗ ಕೊನೆಯ ಬುಡಕ್ಕೆ ಬೀಳುತ್ತಿದ್ದ ಕೊಡಲಿ ಸದ್ದು ಕೇಳಿ ಓಡಿದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಚ್ಚಲ ಬಾಳೆಯನ್ನು ಪೂರ್ತಿ ಕಡಿದು ಹಾಕಿದ್ದರು. ಯಾರಿಗೂ ಒಂದು ಎಲೆ ಮುಟ್ಟಲು ಬಿಡದವರು. ಕಡಿದದ್ದಷ್ಟೇ ಅಲ್ಲ, ದಿಂಡುಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಗಿ ರಸ್ತೆ ಬದಿಯ ಗುಂಡಿಗೆ ಹಾಕಿ ಬಂದಿದ್ದರು. ಎಳೆದದ್ದು ಯಾವ ದಾರಿಯಲ್ಲಿ ಗೊತ್ತೇ, ಬಲೆಮನೆಯ ಬಾಗಿಲ ಮುಂದೆ. ಮೊದಲು ಸಾಬೂನು ನೀರು, ಆಮೇಲೆ ಕೊಡಲಿ ಎಂದು ನೀವು ಗೋಡೆಯ ಮೇಲೆ ಬರೆದದ್ದು ನನಗಾಗಿ, ಅಮ್ಮನಿಗಾಗಿ ಅಲ್ಲವಲ್ಲ. ಹೇನನ್ನು ಕೊಲ್ಲದೆ ಗಿಡ ಕಡಿದರೆ ಅವು ಹೊಟ್ಟೆಪಾಡಿಗೆ ಬೇರೆ ಬಾಳೆ ಹುಡುಕಿಕೊಂಡು ಹೊರಡುತ್ತವೆ, ರೆಕ್ಕೆ ಇರುವವು ಹಾರುತ್ತವೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ನಾನು ಹೇಳಬೇಕಿತ್ತು. ಅಮ್ಮನ ಕೈ ತುಂಬ ಬಾಳೆಯ ಕರೆ, ಮುಖ ಬೆವರು. ‘ನಿನ್ನ ಅತ್ತಿಗೆ ಬರೋದ್ರೊಳಗೆ ಆ ಜಾಗ ಸ್ವಚ್ಛ ಇರಬೇಕು’ ಎಂದರು. ಕೈ ತೊಳೆದುಕೊಳ್ಳಲು ಬಿಸಿನೀರು ಕಾಯಿಸಿ ಕೊಟ್ಟೆ. ಆಮೇಲೆ ಆ ದಾರಿಗೆಲ್ಲ, ಗುಂಡಿಗೆಲ್ಲ ಸಾಬೂನು ನೀರು ಹೊಡೆದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ಕೆಲಸ.

ಅಣ್ಣ ಸುದ್ದಿ ಕೇಳಿ ಹೊಟ್ಟು ಬೇಯಿಸುವ ಡ್ರಮ್ಮನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತ. ನಿಮಗೆ ಗೊತ್ತಲ್ಲ, ಅವನಿಗೆ ಸಿಟ್ಟು ಬಂದರೆ ಕೂಗುತ್ತಾನೆ, ಹೆದರಿಕೆಯಾದರೆ ಉಗುರು ನೋಡಿಕೊಳ್ಳುತ್ತಾನೆ. ಅವತ್ತು ಉಗುರು ನೋಡಿಕೊಂಡ. ಎಲೆಯ ಚೂರುಗಳನ್ನು ಲ್ಯಾಬಿಗೆ ಕಳಿಸೋಣ, ಉತ್ತರ ಬರುವವರೆಗೆ ಯಾರಿಗೂ ತುಟಿ ಪಿಟಕ್ಕೆನ್ನಬಾರದು ಎಂದ. ಉತ್ತರ ಬರಲು ವಾರಗಟ್ಟಲೆ ಬೇಕು, ಹೇನು ಅಷ್ಟು ದಿನ ಲ್ಯಾಬಿನ ಕಾಗದಕ್ಕಾಗಿ ಕಾಯುತ್ತದೆಯೇ ಎಂದು ನಾನು ಕೇಳಿದೆ. ಹೆಸರು ಹಾಳಾಗುತ್ತದೆ, ರೋಗವಿಲ್ಲದ ಗಿಡ ಎಂದು ಬೋರ್ಡು ಹಾಕಿಕೊಂಡವರು ನಾವೇ ರೋಗ ಹಂಚಿದೆವು ಎಂದು ಜನ ಆಡಿಕೊಳ್ಳುತ್ತಾರೆ, ಈ ನರ್ಸರಿ ನೀನು ಕಟ್ಟಿ ಬೆಳೆಸಿದ್ದಲ್ಲ, ಅವಳು ಕಟ್ಟಿ ಬೆಳೆಸಿದ್ದು ಎಂದ. ಅವಳು ಎಂದರೆ ನೀವು. ಅದಕ್ಕೇ ಹೇಳಬೇಕು ಎಂದೆ. ಕೊನೆಗೆ ‘ಹತ್ತಿರದವರ ಮನೆಗೆಲ್ಲ ನೀನು ಹೋಗು, ದೂರದ ಒಂದು ಕಟ್ಟಿದೆಯಲ್ಲ, ಅದನ್ನ ನಾನು ನೋಡ್ಕೋತೀನಿ’ ಎಂದ. ಸಂಜೆ ಕೇಳಿದ್ದಕ್ಕೆ ಫೋನ್ ಮಾಡಿ ಹೇಳಿ ಆಯಿತು, ಅವರು ಗಿಡ ತೆಗೆದೂ ಆಯಿತು ಎಂದ. ಅಷ್ಟರಮಟ್ಟಿಗೆ ನನ್ನ ಹೆಗಲು ಹಗುರಾಯಿತು.

ಉಳಿದ ಮನೆಗಳಿಗೆ ಸಾಬೂನು ನೀರು ಸಿಂಪಡಿಸುವ ಪಂಪು ಬೆನ್ನಿಗೆ ಹಾಕಿಕೊಂಡು ನಾನೇ ಹೋದೆ. ಬಾಗಿಲು ತಟ್ಟುವ ಮೊದಲು ಪ್ರತಿ ಸಲವೂ ಓಡಿಹೋಗೋಣ ಎನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರಾದರೂ ‘ಏನಮ್ಮ ಬಂದೆ’ ಎಂದರೆ ಸಾಕು, ಬೆವರುತ್ತಿದ್ದೆ. ಕೆಲವರು ಅತ್ತರು, ಕೆಲವರು ಒಳಗಿಂದ ಕುರ್ಚಿ ತಂದು ನನ್ನನ್ನೇ ಕೂರಿಸಿ ನೀರು ಕೊಟ್ಟರು. ನೀರು ಕೊಟ್ಟವರ ಮನೆಯಲ್ಲೇ ಹೆಚ್ಚು ಕಷ್ಟವಾಯಿತು. ಗಡಿಯಾರ ರಿಪೇರಿಯವರು ಮಾತ್ರ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತರು. ಅವರ ಗಿಡಗಳಲ್ಲಿ ಇನ್ನೂ ಗೀಟು ಮೂಡಿರಲಿಲ್ಲ, ಎಲೆಗಳು ಅಗಲವಾಗಿ ಚೆಂದವಾಗಿದ್ದವು. ‘ನಿಮ್ಮ ಮಾತು ನಂಬಿ ನೆಟ್ಟೆ, ಈಗ ನಿಮ್ಮ ಮಾತು ನಂಬಿ ಕೀಳಬೇಕಾ’ ಎಂದು ಕೇಳಿದರು. ಎಲೆಯ ಕಂಕುಳಲ್ಲಿ ನೋಡಿ ಎಂದಷ್ಟೇ ಹೇಳಿದೆ. ಅವರು ಒಳಗೆ ಹೋಗಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕೆಲಸದ ಗಾಜು ತಂದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತ ‘ಸಂಸಾರ ಸಮೇತ ಇದಾವಲ್ರೀ’ ಎಂದು ಬಾಗಿಲು ಬಿಟ್ಟರು. ನಾನು ಸಾಬೂನು ನೀರು ಹೊಡೆದೆ, ಹುಳು ಸಾಯುವವರೆಗೆ ಕಾದೆ, ಆಮೇಲೆ ಅವರೇ ಒಂದೊಂದಾಗಿ ಬುಡಸಮೇತ ಕಿತ್ತು ಕೊಟ್ಟರು. ನಾನು ಹೊರಡುವಾಗ ಅವರು ಬರೀ ಗುಳಿಗಳ ನಡುವೆ ನಿಂತಿದ್ದರು. ಬೇರೆ ಗಿಡ ಕೊಡುತ್ತೇವೆ ಎಂದೆ. ಅವರು ಕಾಲಿನಿಂದ ಒಂದು ಗುಳಿಗೆ ಮಣ್ಣು ತಳ್ಳಿದರು.

ಈಗ ನಿಮ್ಮನ್ನು ಕೇಳಬೇಕಾದದ್ದು. ಬಲೆಮನೆಯ ಎರಡು ಬಾಗಿಲ ನಡುವಿನ ಗೂಡಿನಲ್ಲಿ, ಹುಳು ಹಿಡಿಯಲು ತೂಗುಹಾಕಿದ ಅಂಟು ಹಚ್ಚಿದ ಹಳದಿ ಕಾರ್ಡಿನಲ್ಲಿ ನಿನ್ನೆ ಒಂದು ರೆಕ್ಕೆಯ ಹೇನು ಸಿಕ್ಕಿದೆ. ಒಳಗಿನ ಕಾರ್ಡುಗಳಲ್ಲಿ ಇಲ್ಲ. ಬಲೆಯನ್ನು ಅಂಗುಲ ಅಂಗುಲವಾಗಿ ಬೆರಳಾಡಿಸಿ ನೋಡಿದ್ದೇನೆ, ತೂತು ಕಂಡಿಲ್ಲ. ಆದರೆ ಎರಡು ಬಾಗಿಲನ್ನು ಒಟ್ಟಿಗೆ ತೆರೆಯಬಾರದು ಎಂಬುದನ್ನು ಆ ಗಾಬರಿಯ ದಿನ ನಾನು ಪಾಲಿಸಿದೆನೇ ಇಲ್ಲವೇ ಎಂದು ಎಷ್ಟು ನೆನೆದರೂ ನೆನಪಾಗುತ್ತಿಲ್ಲ. ಚಪ್ಪಲಿ ಬದಲಿಸಿದ್ದು ನೆನಪಿದೆ, ಕೋಟಿನ ಗುಂಡಿ ನೆನಪಿದೆ, ಬಾಗಿಲು ನೆನಪಿಲ್ಲ. ಟೈಲರಮ್ಮನ ಎಲೆ ಮುಟ್ಟಿದ ಕೈ ಅದು, ಅವರ ಎಲೆಯ ಹತ್ತಿರ ನಿಂತ ಬಟ್ಟೆ ಅದು. ಒಂದೇ ಒಂದು ಹೇನು ನನ್ನ ತೋಳಿನ ಮೇಲೆ ಕೂತು ಒಳಗೆ ಹೋಗಿದ್ದರೆ? ಅಣ್ಣ ಲ್ಯಾಬಿನ ಉತ್ತರ ಬರಲಿ ಎನ್ನುತ್ತಾನೆ. ನನಗೆ ಕಾಯಲು ಭಯ, ಒಂಬತ್ತನ್ನೂ ಕಡಿಯಲು ಅದಕ್ಕಿಂತ ಭಯ. ಅವುಗಳನ್ನು ಹುಡುಕಲು ನೀವು ಎಷ್ಟು ತೋಟ ಅಲೆದಿರಿ, ಎಷ್ಟು ಸಲ ಪರೀಕ್ಷೆಗೆ ಕಳಿಸಿ ಬಿಸಾಡಿದಿರಿ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನೀವು ಹೇಳಿದ ಹಾಗೆ ಮಾಡುತ್ತೇನೆ. ಕಾಯು ಎಂದರೆ ಕಾಯುತ್ತೇನೆ, ಕಡಿ ಎಂದರೆ ಕಡಿಯುತ್ತೇನೆ. ಒಂದು ಸಾಲು ಸಾಕು, ಯಾರ ಕೈಯಲ್ಲಾದರೂ ಬರೆಸಿ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಅವರು ಈಗ ನನ್ನ ಹಳೆಯ ಬಟ್ಟೆಗಳನ್ನೆಲ್ಲ ಹರಿದು ಚೂರು ಮಾಡಿ, ದಿನಾ ದೊಡ್ಡ ಪಾತ್ರೆಯಲ್ಲಿ ಕುದಿಸಿ ಒಣಹಾಕುತ್ತಾರೆ. ಹೊಸದೊಂದನ್ನೂ ಹರಿದರು. ಯಾರಾದರೂ ಬಂದರೆ ಒಳಕೋಣೆಗೆ ಹೋಗಿಬಿಡುತ್ತಾರೆ. ನಿಮ್ಮ ಹೆಸರು ಬಂದಾಗಲೆಲ್ಲ ಕಣ್ಣು ತುಂಬಿಕೊಳ್ಳುತ್ತಾರೆ. ನನ್ನ ಮೇಲೆ ಬೇಕಾದಷ್ಟು ಸಿಟ್ಟಾಗಿ, ಆದರೆ ಮಲಗಿಕೊಂಡೇ ಸಿಟ್ಟಾಗಿ. ಈ ಕಾಗದ ಓದಿ ನಿಮಗೆ ಏನಾದರೂ ಆದರೆ ಅಣ್ಣ ನನ್ನನ್ನು ಮನ್ನಿಸುವುದಿಲ್ಲ, ಅದಕ್ಕಿಂತ ಮೊದಲು ನಾನೇ ನನ್ನನ್ನು ಮನ್ನಿಸುವುದಿಲ್ಲ. ಆದರೆ ನೀವು ಗಟ್ಟಿ, ನನಗೆ ಗೊತ್ತು. ಇಡೀ ಮನೆಯಲ್ಲಿ ಹೆದರಿಕೆ ಇಲ್ಲದ ಜೀವ ನಿಮ್ಮದೊಂದೇ. ಅದನ್ನು ನಂಬಿಕೊಂಡು ಬರೆದಿದ್ದೇನೆ.

ನಿಮ್ಮ ಅಪ್ಪ ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ. ಒಳಗಿರುವ ಪುಟಾಣಿಗೆ ಅತ್ತೆಯ ಮುತ್ತು. ಈ ಗಲಾಟೆಯೆಲ್ಲ ಮುಗಿಯುವವರೆಗೆ ಅವಸರ ಮಾಡದೆ ಅಲ್ಲೇ ಆರಾಮವಾಗಿರಲು ತಿಳಿಸಿ.

ನಿಮ್ಮ ನಾದಿನಿ,
ಪುಕ್ಕಲಿ

ತಾ.ಕ.: ಅತ್ತಿಗೆ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಈಗ ತಾನೇ ನಿಮ್ಮ ಅಮ್ಮ ಫೋನ್ ಮಾಡಿದ್ದರು. ನೀವು ನಿದ್ದೆ ಮಾಡುತ್ತಿದ್ದೀರಂತೆ. ಮಾತಿನ ನಡುವೆ ‘ನಿಮ್ಮ ಗಿಡಗಳು ಏನು ಚೆಂದ ಬಂದಿವೆ ಅಂತೀಯಾ, ಬೇರೆ ಬಾಳೆ ಹಾಗೆ ಜೋತು ಬೀಳೋದೇ ಇಲ್ಲ, ಎಲೆಯೆಲ್ಲ ಒತ್ತಾಗಿ ಮೇಲಕ್ಕೆ ನೆಟ್ಟಗೆ ನಿಂತಿವೆ, ಹೆಚ್ಚಾದ ಎರಡು ಗಿಡ ಪಕ್ಕದ ತೋಟದವರಿಗೂ ಕೊಟ್ವಿ’ ಎಂದರು. ನಾನು ಹೂಂ ಎಂದು ಫೋನ್ ಇಟ್ಟೆ. ದೂರದ ಆ ಒಂದು ಕಟ್ಟು ನಿಮ್ಮ ಅಪ್ಪ ಒಯ್ದದ್ದು, ತೆಗೆದಾಯಿತೆಂದು ನಂಬಿ ಮೇಲೆ ಅವರ ಹೆಸರು ಎತ್ತಿರಲಿಲ್ಲ. ಬೀಗರ ಮನೆಗೆ ಹೋಗುವುದೆಂದು ಅಮ್ಮ ಅದಕ್ಕೆ ಎರಡು ಸುತ್ತು ಹೆಚ್ಚಿಗೆ ಪಟ್ಟೆ ಸುತ್ತಿದ್ದರು, ಅವರು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರು. ಅಣ್ಣ ಹೇಳಿಯೇ ಇಲ್ಲ. ಕೇಳಿದ್ದಕ್ಕೆ ಮತ್ತೆ ಉಗುರು ನೋಡಿಕೊಂಡ, ಮಾವನ ದನಿ ಕೇಳಿದ ಕೂಡಲೇ ನಾಲಿಗೆ ಏಳಲಿಲ್ಲವಂತೆ. ಅವನನ್ನು ಬೈಯಬೇಡಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಪಂಪು ತೆಗೆದುಕೊಂಡು ಈಗಿನ ಬಸ್ಸಿಗೆ ನಾನೇ ಹೊರಟಿದ್ದೇನೆ. ಬಾಗಿಲಲ್ಲಿ ನಿಮ್ಮ ಅಮ್ಮನ ಕೈಗೆ ಕೊಟ್ಟು, ನಿಮಗೆ ತಲುಪಿಸಲು ಹೇಳಿ, ನೇರ ಹಿತ್ತಿಲಿಗೆ ಹೋಗುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಹಿಂದೆ ಪಂಪಿನ ಸದ್ದು ಕೇಳುತ್ತಿದ್ದರೆ ಅದು ನಾನೇ. ಏಳಬೇಡಿ, ಕಿಟಕಿಗೂ ಬರಬೇಡಿ, ನನ್ನ ಹೆಸರು ಹಿಡಿದು ಕರೆಯಲೂ ಬೇಡಿ. ನಿಮ್ಮ ದನಿ ಕೇಳಿದರೆ ನನ್ನ ಕೈ ನಿಂತುಹೋಗುತ್ತದೆ. ನಿಮ್ಮ ಅಪ್ಪನಿಗೆ ಹೇಳುವುದನ್ನೂ ಅವರ ಗಿಡ ಕೀಳುವುದನ್ನೂ ಮುಗಿಸಿ, ಕೈ ತೊಳೆದು, ಆಮೇಲೆ ನಿಮ್ಮ ಹತ್ತಿರ ಬರುತ್ತೇನೆ.